ಪೌತಿ ಖಾತೆ ಆಂದೋಲನ ಕಾಗದದಲ್ಲಿ ಮುಗಿಯದೆ ಊರಲ್ಲಿ ಮುಗಿಯಬೇಕಾದರೆ: ಹೊಸ ತಹಶೀಲ್ದಾರರಿಗೆ, ಆರ್.ಐ.ಗಳಿಗೆ (ಕಂದಾಯ ನಿರೀಕ್ಷಕರಿಗೆ)

ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದೇ ಪೌತಿ ಖಾತೆ. ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ತೀರಿಕೊಂಡವರ ಹೆಸರೇ ಉಳಿದಿದ್ದರೆ, ಆ ಜಮೀನು ಉಳುತ್ತಿರುವವರಿಗೆ ಸೊಸೈಟಿಯಲ್ಲಿ ಬೆಳೆಸಾಲ ಹುಟ್ಟುವುದಿಲ್ಲ. ಅವರ ಹೆಸರಿನ ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆಗೆ) ಆ ಸರ್ವೆ ನಂಬರ್ ಸೇರುವುದಿಲ್ಲ. ಅದು ಸೇರದಿದ್ದರೆ ಬೆಳೆ ಹಾಳಾದಾಗ ಪರಿಹಾರದ ಹಣವೂ ಬರುವುದಿಲ್ಲ. ಪಿಎಂ ಕಿಸಾನ್‌ನಲ್ಲಿ ವರ್ಷಕ್ಕೆ 6,000 ರೂಪಾಯಿ ಇದೆ. 2019ರ ಫೆಬ್ರುವರಿ 1ರ ನಂತರ ಜಮೀನು ಹೆಸರಿಗೆ ಬಂದವರಿಗೆ ಅದು ಇಲ್ಲ. ಆದರೆ ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದ ಜಮೀನಿಗೆ ವಿನಾಯಿತಿ ಕೊಟ್ಟಿದ್ದಾರೆ. ಒಳ್ಳೆಯ ನಿಯಮವೇ. ಆದರೆ ವಿನಾಯಿತಿ ಕೇಳುವುದಕ್ಕೂ ಮೊದಲು ಖಾತೆ ಹೆಸರಿಗೆ ಆಗಬೇಕಲ್ಲ.

ಅದಕ್ಕೇ ಆಗಾಗ ಪೌತಿ ಖಾತೆ ಆಂದೋಲನ ಅಂತ ಸುತ್ತೋಲೆ ಬರುತ್ತದೆ. ಅದಾಲತ್ ಇಡುತ್ತಾರೆ. ಶಾಮಿಯಾನ, ಬ್ಯಾನರ್, ಶಾಸಕರ ಕೈಯಿಂದ ಒಂದಷ್ಟು ಜನಕ್ಕೆ ಆದೇಶ ಪತ್ರ, ಫೋಟೋ. ಆಮೇಲೆ ಅದೇ ಊರಿಗೆ ಹೋಗಿ ಪಹಣಿ ತೆಗೆಸಿ ನೋಡಿದರೆ ಅಜ್ಜನ ಹೆಸರು ಹಾಗೇ ಕೂತಿರುತ್ತದೆ.

ನಾನು ಗ್ರಾಮ ಲೆಕ್ಕಿಗಳಾಗಿ (ವಿ.ಎ.) ಸೇರಿದವಳು. ಆರ್.ಐ. ಆದೆ, ಶಿರಸ್ತೇದಾರ್ ಆಗಿ ನಿವೃತ್ತಳಾದೆ. ಸೇವೆಯೆಲ್ಲ ತುಮಕೂರು, ಚಿತ್ರದುರ್ಗ ಕಡೆಯ ಒಣ ತಾಲ್ಲೂಕುಗಳಲ್ಲೇ. ಈಗ ವಿ.ಎ.ಗಳನ್ನು ಗ್ರಾಮ ಆಡಳಿತ ಅಧಿಕಾರಿ ಎನ್ನುತ್ತಾರೆ, ನನ್ನ ಬಾಯಲ್ಲಿ ಇನ್ನೂ ವಿ.ಎ. ಅಂತಲೇ ಬರುತ್ತದೆ. ಹೊಸದಾಗಿ ಅಧಿಕಾರ ವಹಿಸಿಕೊಂಡವರು ಫೋನ್ ಮಾಡಿ, "ಮೇಡಂ, ಆಂದೋಲನಕ್ಕೆ ಟಾರ್ಗೆಟ್ ಕೊಟ್ಟಿದ್ದಾರೆ, ಎಲ್ಲಿಂದ ಶುರು ಮಾಡೋದು?" ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಪೌತಿಯನ್ನು ಇಟ್ಟುಕೊಂಡು ಹೇಳುತ್ತಿದ್ದರೂ ಪಿಂಚಣಿ, ಪೋಡಿ (ಜಮೀನು ಅಳೆದು ಬೇರೆ ನಂಬರ್ ಕೊಡುವುದು), ಹಕ್ಕುಪತ್ರ ಯಾವುದಕ್ಕಾದರೂ ಇದು ನಡೆಯುತ್ತದೆ. ಕಡತ ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗುವ ತನಕ ಆಂದೋಲನ ಶುರು ಮಾಡಬೇಡಿ. ಮಿಕ್ಕಿದ್ದೆಲ್ಲ ಅದರಿಂದಲೇ ಹುಟ್ಟುತ್ತದೆ.

ಮೊದಲು ತಿರಸ್ಕಾರ ಆದ ಕಡತ ಓದಿ

ಬಾಕಿ ಪಟ್ಟಿಯನ್ನು ಎಲ್ಲರೂ ನೋಡುತ್ತಾರೆ. ಅದರಲ್ಲಿ ಕಲಿಯುವುದು ಕಡಿಮೆ. ತಿರಸ್ಕರಿಸಿದ ಅರ್ಜಿಗಳನ್ನು ತೆಗೆಸಿ. ಒಂದು ಹೋಬಳಿಯ ಮೂವತ್ತು ನಲವತ್ತು ಕಡತ ಸಾಕು. ಹಿಂಬರಹದಲ್ಲಿ, ಅಂದರೆ ಅರ್ಜಿದಾರರಿಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಏನು ಬರೆದಿದ್ದಾರೆ ನೋಡಿ. "ದಾಖಲೆಗಳು ಪೂರ್ಣವಿಲ್ಲದ ಕಾರಣ ತಿರಸ್ಕರಿಸಲಾಗಿದೆ." ಹತ್ತರಲ್ಲಿ ಎಂಟಕ್ಕೆ ಇದೇ ಸಾಲು. ಯಾವ ದಾಖಲೆ? ಅದನ್ನು ಬರೆದಿರುವುದಿಲ್ಲ. ಬರೆದರೆ ಆ ದಾಖಲೆ ಹಿಡಿದುಕೊಂಡು ಮತ್ತೆ ಬಂದುಬಿಡುತ್ತಾರಲ್ಲ!

ಆ ಕಡತಗಳ ಅರ್ಜಿದಾರರಲ್ಲಿ ಹತ್ತು ಜನರ ಮನೆಗಾದರೂ ನೀವೇ ಹೋಗಿ. ವಿ.ಎ.ಯನ್ನು ಕಳಿಸಬೇಡಿ. ಯಾಕೆ ನಿಂತಿತು ಅಂತ ಕೇಳಿ. ಕಡತದಲ್ಲಿರುವ ಕಾರಣ ಬೇರೆ, ಮನೆಯಲ್ಲಿ ಹೇಳುವ ಕಾರಣ ಬೇರೆ ಇರುತ್ತದೆ.

ಅರ್ಜಿಯನ್ನೇ ಹಾಕದವರು ಇದಕ್ಕಿಂತ ಜಾಸ್ತಿ. ಅವರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಅವರನ್ನು ಹಿಡಿಯಲು ಒಂದು ಹಳೆಯ ದಾರಿಯಿದೆ. ಊರಿನ ಎಲ್ಲ ಸರ್ವೆ ನಂಬರುಗಳ ಪಹಣಿ ತೆಗೆಸಿಕೊಂಡು ಸಂಜೆ ಅರಳಿಕಟ್ಟೆಯಲ್ಲಿ ಕೂತು 9ನೇ ಕಾಲಂನ ಹೆಸರುಗಳನ್ನು ಜೋರಾಗಿ ಓದಿ. "ಅವನು ಹೋಗಿ ಹತ್ತು ವರ್ಷ ಆಯ್ತು", "ಅವನಿಗೆ ಮಕ್ಕಳಿಲ್ಲ, ಅಣ್ಣನ ಮಗ ಉಳ್ತಾನೆ" ಅಂತ ಜನರೇ ಹೇಳುತ್ತಾರೆ. ಗ್ರಾಮ ಸಹಾಯಕರನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲದ ಮಾಹಿತಿ ಅವರ ತಲೆಯಲ್ಲಿರುತ್ತದೆ. ಓದುವ ಮುಂಚೆ ಇದು ಖಾತೆಗಾಗಿ ಮಾತ್ರ, ಯಾರ ಜಮೀನನ್ನೂ ಸರ್ಕಾರ ತಗೊಳ್ಳುವುದಿಲ್ಲ ಎಂದು ಹೇಳಿಬಿಡಿ. ಇಲ್ಲದಿದ್ದರೆ ಅರ್ಧ ಜನ ಎದ್ದು ಹೋಗುತ್ತಾರೆ.

ನಿಲ್ಲುವ ಜಾಗಗಳು

ನೋಡುತ್ತಾ ಹೋದರೆ ಕಾರಣಗಳು ಬಹಳ ಇರುವುದಿಲ್ಲ. ಆದರೆ ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಎಲ್ಲದಕ್ಕೂ ವಿ.ಎ.ಯನ್ನೇ ಬೈದರೆ ಏನೂ ಆಗುವುದಿಲ್ಲ.

ಮರಣ ಪ್ರಮಾಣ ಪತ್ರ ಇಲ್ಲದಿರುವುದು ದೊಡ್ಡ ಕಾರಣ. ಹಿಂದೆ ಹಳ್ಳಿಯಲ್ಲಿ ಸಾವನ್ನು ಯಾರು ಬರೆಸುತ್ತಿದ್ದರು? ಅಜ್ಜ, ಅಪ್ಪ ಇಬ್ಬರೂ ಹೋಗಿದ್ದರೆ ಎರಡು ಪತ್ರ ಬೇಕು. ಸಾವಾಗಿ ಒಂದು ವರ್ಷ ದಾಟಿದ್ದರೆ ಮೊದಲೆಲ್ಲ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ವಕೀಲರ ಫೀಸು ಎಂದ ಕೂಡಲೇ ಜನ ಕೈಬಿಡುತ್ತಿದ್ದರು. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದ ಮೇಲೆ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಉಪವಿಭಾಗದ ಮ್ಯಾಜಿಸ್ಟ್ರೇಟರಿಗೆ, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಬಂದಿದೆ. ಅಂದರೆ ನಮ್ಮ ಡಿ.ಸಿ. (ಜಿಲ್ಲಾಧಿಕಾರಿ), ಎ.ಸಿ. (ಉಪವಿಭಾಗಾಧಿಕಾರಿ) ಮೇಜಿಗೆ. ಇಷ್ಟು ದಿನ ಕೋರ್ಟ್ ಕಡೆ ಕೈ ತೋರಿಸುತ್ತಿದ್ದೆವು, ಈಗ ಬೀಗದ ಕೈ ನಮ್ಮ ಇಲಾಖೆಯಲ್ಲೇ ಇದೆ. ಆಂದೋಲನಕ್ಕೆ ಮುಂಚೆ ಎ.ಸಿ. ಹತ್ತಿರ ಹೋಗಿ, ಒಂದು ಹೋಬಳಿಯ ಇಂಥ ಅರ್ಜಿಗಳನ್ನೆಲ್ಲ ಒಂದೇ ದಿನ ಕೇಳುವ ದಿನಾಂಕ ತಗೊಳ್ಳಿ. ಶಾಮಿಯಾನಕ್ಕಿಂತ ಇದು ಎಷ್ಟೋ ಪಾಲು ಕೆಲಸಕ್ಕೆ ಬರುತ್ತದೆ.

ಇನ್ನೊಂದು ಕಾರಣ ಪೂರ್ತಿ ತಪ್ಪು ತಿಳಿವಳಿಕೆಯದು. ಪೌತಿ ಬೇರೆ, ಪಾಲು ಬೇರೆ. ಪೌತಿಯಲ್ಲಿ ವಾರಸುದಾರರೆಲ್ಲರ ಹೆಸರು ಜಂಟಿಯಾಗಿ ಕೂರುತ್ತದೆ, ಅಷ್ಟೇ. ಯಾರಿಗೆ ಯಾವ ಕಡೆ ಎಷ್ಟು ಗುಂಟೆ ಎಂಬುದು ವಿಭಾಗ ಪತ್ರದ ಮಾತು, ಅದನ್ನು ಆಮೇಲೆ ಮಾಡಿಕೊಳ್ಳಬಹುದು. ಅಣ್ಣತಮ್ಮಂದಿರು ಪಾಲು ಒಪ್ಪಿಗೆ ಆಗಲಿ ಎಂದು ಇಪ್ಪತ್ತು ವರ್ಷ ಕಾಯುತ್ತಾ ಖಾತೆಯನ್ನೇ ಮಾಡಿಸಿರುವುದಿಲ್ಲ. ಇದನ್ನು ನೆಟ್ಟಗೆ ಹೇಳಿದರೆ ಎಷ್ಟೋ ಮನೆಗಳಲ್ಲಿ ಅಲ್ಲೇ ಸಹಿ ಬೀಳುತ್ತದೆ. ಕರಪತ್ರ ಹಂಚುವುದಾದರೆ ಇದೊಂದನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಮಂತ್ರಿಗಳ ಫೋಟೋ ಚಿಕ್ಕದಾದರೂ ಪರವಾಗಿಲ್ಲ.

ಪಹಣಿಗೂ ಆಕಾರ್ ಬಂದ್‌ಗೂ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ವಿಸ್ತೀರ್ಣ ತಾಳೆಯಾಗದಿರುವುದು ಸರ್ವೆಯವರ ಕೆಲಸ. ಅಂಥವನ್ನು ಬೇರೆ ಮಾಡಿ ಅವರಿಗೆ ಕೊಡಿ, ಈ ಆಂದೋಲನದಲ್ಲಿ ಎಳೆದಾಡಬೇಡಿ.

ಮಾಮೂಲಿಗಾಗಿ ನಿಂತ ಕಡತಗಳೂ ಇರುತ್ತವೆ. ಅವನ್ನು ಗುರುತಿಸುವುದು ಕಷ್ಟವಲ್ಲ. ದಾಖಲೆ ಎಲ್ಲ ಸರಿಯಿರುತ್ತದೆ, ತಕರಾರು ಬಂದಿರುವುದಿಲ್ಲ, ಒಂದೇ ಲಾಗಿನ್‌ನಲ್ಲಿ ವಾರಗಟ್ಟಲೆ ಮಲಗಿರುತ್ತದೆ. ಭಾಷಣ ಮಾಡಬೇಡಿ. ಆ ಕಡತದ ನಂಬರನ್ನು ಸೋಮವಾರದ ಸಭೆಯಲ್ಲಿ ಎಲ್ಲರ ಮುಂದೆ ಓದಿ, "ಇದು ಯಾಕೆ ನಿಂತಿದೆ?" ಅಂತ ಕೇಳಿ ಸುಮ್ಮನಿರಿ. ಮುಂದಿನ ಸೋಮವಾರ ಅದು ಅಲ್ಲಿರುವುದಿಲ್ಲ.

ಹೆಣ್ಣುಮಕ್ಕಳ ಹೆಸರು

ಇದನ್ನು ಬೇರೆಯಾಗಿ ಬರೆಯುತ್ತೇನೆ, ಯಾಕೆಂದರೆ ಗಂಡಸು ಅಧಿಕಾರಿಗಳು ಇದರ ಮೇಲೆ ಹಾರಿಕೊಂಡು ಹೋಗುತ್ತಾರೆ.

ವಂಶವೃಕ್ಷ ಬರೆಸಲು ಬಂದವರು ಗಂಡುಮಕ್ಕಳ ಹೆಸರಷ್ಟೇ ಹೇಳುತ್ತಾರೆ. ಹೆಣ್ಣುಮಕ್ಕಳು ಎಷ್ಟು ಜನ ಅಂತ ಕೇಳಿದರೆ, "ಕೊಟ್ ಮನೆಗೆ ಹೋದೋರು, ಅವರ ಹೆಸ್ರು ಯಾಕ್ ಮೇಡಂ?" ಅನ್ನುತ್ತಾರೆ. ಟಾರ್ಗೆಟ್ ತಲೆ ಮೇಲೆ ಇರುವ ವಿ.ಎ. ಬಿಟ್ಟು ಬರೆದುಬಿಡುತ್ತಾರೆ. ಬೇಗ ಮುಗಿಯುತ್ತದೆ, ಶೇಕಡಾವಾರು ಏರುತ್ತದೆ. ಕೆಲವು ವರ್ಷಕ್ಕೆ ಅಕ್ಕನೋ ತಂಗಿಯೋ ಕೋರ್ಟಿಗೆ ಹೋಗುತ್ತಾರೆ, ತಡೆಯಾಜ್ಞೆ ಬರುತ್ತದೆ. ಆಗ ಜಮೀನು ಮಾರುವುದಕ್ಕೂ ಇಲ್ಲ, ಸಾಲಕ್ಕೆ ಇಡುವುದಕ್ಕೂ ಇಲ್ಲ.

ಕರ್ನಾಟಕದಲ್ಲಿ ಹಿಂದೂ ಕುಟುಂಬದ ಮಗಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ತಂದೆ 2005ಕ್ಕೆ ಮುಂಚೆ ತೀರಿಕೊಂಡಿದ್ದರೆ ಏನು ಎಂಬ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, 2005ರಲ್ಲಿ ತಂದೆ ಬದುಕಿರಲೇಬೇಕು ಎಂದಿಲ್ಲ. ವಿ.ಎ.ಗಳಿಗೆ ಇಷ್ಟು ಗೊತ್ತಿದ್ದರೆ ಸಾಕು, ಕಾನೂನು ಪುಸ್ತಕ ಬೇಡ.

ಹಾಗಾಗಿ ಪ್ರಶ್ನೆ ಕೇಳುವ ಕ್ರಮ ಬದಲಾಯಿಸಿ. ವಂಶವೃಕ್ಷಕ್ಕೆ ಮೊದಲು ಹೆಣ್ಣುಮಕ್ಕಳ ಹೆಸರು, ಕೊಟ್ಟ ಊರು, ಫೋನ್ ನಂಬರ್ ಬರೆಸಿಕೊಳ್ಳಿ. ಆಮೇಲೆ ಗಂಡುಮಕ್ಕಳದು. ಹೆಣ್ಣುಮಕ್ಕಳಲ್ಲಿ ಯಾರಾದರೂ ನಿಜವಾಗಿ ಬೇಡ ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ. ಅದು ಅವರ ತೀರ್ಮಾನ, ಅಣ್ಣನದ್ದಲ್ಲ, ವಿ.ಎ.ಯದಂತೂ ಅಲ್ಲ. ನಾನು ಮನೆಗೆ ಹೋದಾಗ ಜಗಲಿಯಲ್ಲಿ ಮಾತು ಮುಗಿಸಿ ನೀರು ಕೇಳುವ ನೆಪದಲ್ಲಿ ಅಡುಗೆಮನೆ ಕಡೆ ಹೋಗುತ್ತಿದ್ದೆ. ಜಗಲಿಯಲ್ಲಿ ಇಬ್ಬರು ಮಕ್ಕಳಿದ್ದ ಮನೆಯಲ್ಲಿ ಒಳಗೆ ಐದು ಜನ ಆಗುತ್ತಿದ್ದರು!

ಹೆಣ್ಣುಮಕ್ಕಳ ಸಹಿ ಹಿಡಿಯುವುದು ಕಷ್ಟ. ಒಬ್ಬಳು ಹಿರಿಯೂರಲ್ಲಿ, ಒಬ್ಬಳು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿ. ಅದಕ್ಕೆ ಆಂದೋಲನದ ದಿನಾಂಕವನ್ನು ಮೇಲಿನ ಕ್ಯಾಲೆಂಡರ್ ನೋಡಿ ಇಡಬೇಡಿ, ಊರಿನ ಜಾತ್ರೆ ನೋಡಿ ಇಡಿ. ಜಾತ್ರೆಗೆ, ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಹಬ್ಬದ ಮಾರನೇ ದಿನ ಬೆಳಿಗ್ಗೆ, ಬಸ್ಸು ಹತ್ತುವ ಮುಂಚೆ, ಒಂದು ಗಂಟೆ ಸಿಕ್ಕರೂ ಸಾಕು. ಈಗ ಇ-ಪೌತಿ ಬಂದಿದೆ, ಆಧಾರ್ ಒಟಿಪಿ ಮೇಲೆ ನಡೆಯುತ್ತದೆ. ಸಲೀಸಾಗಿದೆ, ನಿಜ. ಆದರೆ ಒಟಿಪಿ ಬರುವ ಫೋನ್ ಯಾರ ಕೈಯಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಒಂದು ಊರು ಮುಗಿಸಿ, ಆಮೇಲೆ ಮುಂದಿನದು

ಒಂದೇ ದಿನ ಇಡೀ ತಾಲ್ಲೂಕಿನಲ್ಲಿ ಚಾಲನೆ ಕೊಡಿ ಎಂದು ಮೇಲಿನಿಂದ ಹೇಳುತ್ತಾರೆ. ಚಾಲನೆ ಕೊಡಿ, ಕಾರ್ಯಕ್ರಮ ಆಗಲಿ. ಆದರೆ ಕೆಲಸವನ್ನು ಒಂದು ಚಿಕ್ಕ ಊರಲ್ಲಿ ಶುರು ಮಾಡಿ ಪೂರ್ತಿ ಮುಗಿಸಿ. ಎಷ್ಟೇ ಒತ್ತಾಯ ಬಂದರೂ ತಕರಾರಿಗೆ ಕೊಡಬೇಕಾದ ನೋಟಿಸ್ ಅವಧಿ ಕಡಿಮೆ ಮಾಡಲಾಗುವುದಿಲ್ಲ. ಅದಕ್ಕೇ ಒಂದು ಊರಿನ ಎಲ್ಲ ನೋಟಿಸ್‌ಗಳನ್ನೂ ಒಂದೇ ವಾರದಲ್ಲಿ ಹೊರಡಿಸಿ, ಆ ಅವಧಿಯಲ್ಲಿ ಪಕ್ಕದ ಊರಿನ ದಾಖಲೆ ಕೂಡಿಸಿ. ಮೊದಲ ಊರಿನಲ್ಲಿ ಎಡವಿದ್ದು ಎರಡನೇ ಊರಲ್ಲಿ ಸರಿಯಾಗಬೇಕು. ಅದಕ್ಕೆ ಸಮಯ ಬೇಕಾಗುತ್ತದೆ.

ಗಡುವಿನೊಳಗೆ ಸರ್ಕಾರಿ ಸೇವೆ ಕೊಡುವ ಸಕಾಲ ಯೋಜನೆಯನ್ನು ನೆನೆಸಿಕೊಳ್ಳಿ. 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಯೋಗ ಶುರುವಾಯಿತು, ಏಪ್ರಿಲ್ 2ಕ್ಕೆ ಇಡೀ ರಾಜ್ಯಕ್ಕೆ ಬಂತು. ಬೀದರ್ ಮೂಲೆಯಿಂದ ಒಂದು, ಕರಾವಳಿ ಕಡೆಯಿಂದ ಒಂದು ಆರಿಸಿದ್ದು ಜಾಣತನ. ಆದರೆ ಒಂದು ತಿಂಗಳಲ್ಲಿ ಏನು ಕಲಿಯೋಕಾಗುತ್ತೆ? ಅರ್ಜಿ ಹಾಕಿ ಹೊಂದಿಕೊಳ್ಳುವುದಕ್ಕೇ ಜನಕ್ಕೆ ಅಷ್ಟು ದಿನ ಬೇಕು.

ಹಳೇ ದಾರಿ ಮುಚ್ಚಿ, ಆದರೆ ಸಾಲು ಎಲ್ಲಿಗೆ ಹೋಯಿತು ನೋಡಿ

ನಾನು ಕೈಯಲ್ಲಿ ಪಹಣಿ ಬರೆದ ಕೊನೆಯ ತಲೆಮಾರಿನವಳು. ಪಹಣಿಯನ್ನು ಕಂಪ್ಯೂಟರ್‌ಗೆ ಏರಿಸುವ ಭೂಮಿ ಯೋಜನೆ ಬಂದಾಗ ಅದೂ ಹಿಂದಿನ ಕಂಪ್ಯೂಟರೀಕರಣಗಳ ಹಾಗೇ ಆಗುತ್ತದೆ ಅಂದುಕೊಂಡಿದ್ದವರೇ ಹೆಚ್ಚು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್‌ಗೆ ಹೋದವು. ಆಗ ಇದ್ದ 177 ತಾಲ್ಲೂಕುಗಳಲ್ಲಿ ಕೇಂದ್ರ ತೆರೆದರು. 15 ರೂಪಾಯಿ ಕೊಟ್ಟರೆ ಪ್ರಿಂಟ್. ಇದರಲ್ಲಿ ದೊಡ್ಡ ಹೆಜ್ಜೆ ಕಂಪ್ಯೂಟರ್ ಅಲ್ಲ. ಕೈಬರಹದ ಪಹಣಿ ಇನ್ನು ಮೇಲೆ ಊರ್ಜಿತವಲ್ಲ ಎಂದು ಸರ್ಕಾರ ಹೇಳಿತಲ್ಲ, ಅದು. ಎರಡೂ ನಡೆಯುತ್ತಿದ್ದರೆ ನಾವ್ಯಾರೂ ಹೊಸದಕ್ಕೆ ಬರುತ್ತಿರಲಿಲ್ಲ. ಮ್ಯುಟೇಶನ್‌ನಲ್ಲೂ (ಖಾತೆ ಬದಲಾವಣೆಯಲ್ಲೂ) ಮೊದಲು ಬಂದ ಅರ್ಜಿ ಬಿಟ್ಟು ಮುಂದಿನದನ್ನು ಮುಟ್ಟಲು ಆಗದ ಹಾಗೆ ಮಾಡಿದರು. ಬೆರಳಚ್ಚು ಇಟ್ಟು ಲಾಗಿನ್ ಆಗಬೇಕು, ಹಾಗಾಗಿ "ನಾನಲ್ಲ ಸಾರ್, ಅವನು ಮಾಡಿದ್ದು" ಎನ್ನುವ ಮಾತು ನಿಂತುಹೋಯಿತು. ರೈತರ ಕಡೆಗೆ ತಿರುಗಿಸಿದ ಇನ್ನೊಂದು ಪರದೆಯನ್ನೂ ಇಟ್ಟಿದ್ದರು. ಓದಲು ಬಾರದವರೂ ಪಕ್ಕದವರನ್ನು ಕೇಳಿಕೊಂಡು ನೋಡುತ್ತಿದ್ದರು.

ಆದರೆ ಊರಲ್ಲೇ ಸಿಗುತ್ತಿದ್ದ ಪಹಣಿಗೆ ತಾಲ್ಲೂಕಿಗೆ ಹೋಗಬೇಕಾಯಿತು. ಒಂದು ದಿನದ ಕೂಲಿ, ಬಸ್ ಚಾರ್ಜ್. ಬಾಗಿಲಲ್ಲೇ ಅರ್ಜಿ ಬರೆಯುವವರು, ಏಜೆಂಟರು ಹುಟ್ಟಿಕೊಂಡರು. ಹೋಬಳಿ ಮಟ್ಟಕ್ಕೆ ನೆಮ್ಮದಿ ಕೇಂದ್ರ, ಆಮೇಲೆ ನಾಡಕಚೇರಿಯಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ ಬರುವ ತನಕ ಆ ಹೊರೆ ಜನರ ಮೇಲೇ ಇತ್ತು. ನೀವು ಯಾವ ಹೊಸ ವ್ಯವಸ್ಥೆ ತಂದರೂ ಒಂದು ದಿನ ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಕೂತು ನೋಡಿ. ಜನ ಯಾರ ಹಿಂದೆ ಅರ್ಜಿ ಹಿಡಿದು ಓಡುತ್ತಿದ್ದಾರೋ ನಿಮ್ಮ ವ್ಯವಸ್ಥೆಯ ತೂತು ಅಲ್ಲಿದೆ.

ಸಭೆಯಲ್ಲಿ ಏನು ಕೇಳಬೇಕು

ವಿಡಿಯೋ ಕಾನ್ಫರೆನ್ಸ್‌ನಲ್ಲಿ ಶೇಕಡಾವಾರು ಓದುತ್ತಾರೆ. ಕೆಳಗಿನ ಮೂರು ತಾಲ್ಲೂಕುಗಳವರಿಗೆ ಬೈಗುಳ. ಇದು ನಿಮ್ಮ ಕೈಯಲ್ಲಿಲ್ಲ, ಕೇಳಿಸಿಕೊಳ್ಳಿ. ಆದರೆ ಅದೇ ಬೈಗುಳವನ್ನು ಹಾಗೇ ಕೆಳಗೆ ದಾಟಿಸಬೇಡಿ. ದಾಟಿಸಿದರೆ ಏನಾಗುತ್ತದೆ ಗೊತ್ತಾ? ಹಿಂಬರಹ ಜಾಸ್ತಿಯಾಗುತ್ತದೆ.

ಸಕಾಲದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಒಳ್ಳೆಯ ಕಾಯ್ದೆ. ಅರ್ಜಿಗೆ ನಂಬರ್, ದಿನದ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ನೌಕರನೇ ಕೊಡಬೇಕು. "ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ" ಅಂತ ಘೋಷಣೆ. ದಿನ ತಪ್ಪಲಿಲ್ಲ, ನಿಜ. ಗಡುವಿನ ಕೊನೆಯ ದಿನ ಸಂಜೆ "ದಾಖಲೆ ಪೂರ್ಣವಿಲ್ಲ" ಅಂತ ಒತ್ತಿದರೂ ಅದು ಸಕಾಲದಲ್ಲಿ ವಿಲೇವಾರಿಯೇ. ರೈತನಿಗೆ ಖಾತೆ ಇಲ್ಲ, ನಮಗೆ ಒಳ್ಳೆಯ ರ‍್ಯಾಂಕ್.

ಅದಕ್ಕೆ ನಿಮ್ಮ ಸಭೆಯಲ್ಲಿ ವಿಲೇವಾರಿ ಎಷ್ಟು ಎಂದು ಕೇಳಬೇಡಿ, ಅದು ಹೇಗಿದ್ದರೂ ಕಂಪ್ಯೂಟರ್‌ನಲ್ಲಿ ಬರುತ್ತದೆ. ತಿರಸ್ಕರಿಸಿದ್ದು ಎಷ್ಟು, ಅದರಲ್ಲಿ ಎಷ್ಟು ಜನ ತಿರುಗಿ ಬಂದರು, ಖಾತೆ ಆದವರಲ್ಲಿ ಎಷ್ಟು ಜನರ ಫ್ರೂಟ್ಸ್ ಐಡಿಗೆ ಜಮೀನು ಸೇರಿತು ಎಂದು ಕೇಳಿ. ಯಾರಾದರೂ ಶೇ. 100 ಎಂದರೆ ಚಪ್ಪಾಳೆ ತಟ್ಟುವ ಮುಂಚೆ ಆ ಊರಿಗೆ ಹೋಗಿ ಬನ್ನಿ.

ಪ್ರತಿ ವಿ.ಎ. ಸಭೆಗೆ ಬರುವಾಗ ತಾವು ಬಿಡಿಸಲಾಗದ ಒಂದು ಕಡತ ತರಲಿ. ಒಂದೇ ಸಾಕು. ಅದನ್ನು ಎಲ್ಲರೂ ಸೇರಿ ನೋಡಿ. "ನನ್ನ ಸರ್ಕಲ್‌ನಲ್ಲೂ ಇಂಥದ್ದು ಬಂದಿತ್ತು, ಹೀಗೆ ಮಾಡಿದೆ" ಅಂತ ಯಾರೋ ಒಬ್ಬರು ಹೇಳುತ್ತಾರೆ. ನಿಜವಾದ ತರಬೇತಿ ಇದೇ. ಊಟ, ಪಿಪಿಟಿ, ಗ್ರೂಪ್ ಫೋಟೋ ಇರುವ ತರಬೇತಿಗಳಿಗೂ ಹೋಗಿದ್ದೇನೆ, ಊಟ ಚೆನ್ನಾಗಿತ್ತು. ಹೇಳಿದ ದಾರಿಯನ್ನು ನಾಡಕಚೇರಿಯಲ್ಲಿ ಒಂದು ನೋಟ್‌ಬುಕ್‌ನಲ್ಲಿ ಬರೆಸಿಡಿ. ವಿ.ಎ.ಗೆ ವರ್ಗಾವಣೆ ಆಗುತ್ತದೆ, ನಿಮಗೂ ಆಗುತ್ತದೆ. ನೋಟ್‌ಬುಕ್‌ಗೆ ಆಗುವುದಿಲ್ಲ.

ಇನ್ನೊಂದು, ಹೊಸ ಕೆಲಸ ಕೊಡುವಾಗ ಹಳೆಯದೊಂದನ್ನು ತೆಗೆಯಿರಿ. ವಿ.ಎ. ಒಬ್ಬರಿಗೆ ಜಾತಿ ಆದಾಯ ವರದಿ, ಪಿಂಚಣಿ, ಮಳೆಹಾನಿ ಸರ್ವೆ, ಚುನಾವಣೆ ಕೆಲಸ, ಗಣ್ಯರು ಬಂದರೆ ಶಿಷ್ಟಾಚಾರ, ಇದರ ಮೇಲೆ ನಿಮ್ಮ ಆಂದೋಲನ. ಎರಡು ತಿಂಗಳು ಪ್ರೋಟೋಕಾಲ್ ಡ್ಯೂಟಿಯಿಂದ ಬಿಡಿಸಿದರೂ ಅವರು ನಿಮ್ಮನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಮೇಲಕ್ಕೆ ಬರೆಯುವ ಪತ್ರ

ಕೆಲವು ಗಂಟುಗಳು ನಿಮ್ಮ ಮಟ್ಟದಲ್ಲಿ ಬಿಚ್ಚುವುದಿಲ್ಲ. ಆಗ "ಸೂಕ್ತ ನಿರ್ದೇಶನ ಕೋರಿದೆ" ಎಂದು ಬರೆದರೆ "ನಿಯಮಾನುಸಾರ ಕ್ರಮ ವಹಿಸುವುದು" ಎಂದು ಉತ್ತರ ಬರುತ್ತದೆ. ಎರಡೂ ಕಡೆ ಕಡತ ಮುಗಿಯಿತು. ಅದರ ಬದಲು ಒಂದೇ ಪುಟದಲ್ಲಿ ಮೂರು ಪ್ರಕರಣ ಬರೆಯಿರಿ. ಇಂಥ ಊರು, ಇಂಥ ಅಡ್ಡಿ, ಸಾಫ್ಟ್‌ವೇರ್‌ನಲ್ಲಿ ಇಂಥ ಆಯ್ಕೆ ಇಲ್ಲ, ಇದನ್ನು ಹೀಗೆ ಬದಲಾಯಿಸಿದರೆ ಇಷ್ಟು ಮನೆಗಳದ್ದು ಮುಗಿಯುತ್ತದೆ. ಪರದೆಯ ಪ್ರಿಂಟ್ ಹಚ್ಚಿ. ಬೆಂಗಳೂರಿನಲ್ಲಿ ಕೂತವರು ಕೆಟ್ಟವರಲ್ಲ, ಅವರಿಗೆ ಊರು ಕಾಣಿಸುವುದಿಲ್ಲ ಅಷ್ಟೇ.

ಶಾಸಕರು ಪತ್ರ ಹಂಚುವ ಕಾರ್ಯಕ್ರಮ ಬೇಕು ಎಂದರೆ ಬೇಡ ಅನ್ನಬೇಡಿ. ಆ ದಿನಾಂಕ ಹಿಡಿದುಕೊಂಡು ಸರ್ವೆಯವರನ್ನೂ ಪಂಚಾಯಿತಿಯವರನ್ನೂ ಓಡಿಸಬಹುದು. ಆದೇಶ ಪತ್ರ ಮಾತ್ರ ಕೊಡಬೇಡಿ, ಹೊಸ ಹೆಸರು ಬಂದಿರುವ ಪಹಣಿಯನ್ನೇ ಹಂಚಿಸಿ.

ಆಂದೋಲನ ಮುಗಿದ ಮೇಲೆ

ಜನ ಸಾಯುವುದು ನಿಲ್ಲುವುದಿಲ್ಲ, ಆದ್ದರಿಂದ ಪೌತಿ ಅರ್ಜಿಯೂ ನಿಲ್ಲುವುದಿಲ್ಲ. ಹೊಸದಾಗಿ ಬಾಕಿ ಬೆಳೆಯದಂತೆ ನೋಡಿಕೊಳ್ಳಬೇಕು. ಮರಣ ಪತ್ರ ಕೊಡುವ ದಿನವೇ ಪೌತಿ ಅರ್ಜಿಯನ್ನೂ ಅದೇ ಕೈಗೆ ಕೊಡುವ ಅಭ್ಯಾಸ ಮಾಡಿಸಿ. ಹೇಗಿದ್ದರೂ ಮನೆಯವರು ಅದಕ್ಕೆ ಬಂದೇ ಬರುತ್ತಾರೆ. ಊರಲ್ಲಿ ಸಾವಾದರೆ ಗ್ರಾಮ ಸಹಾಯಕರು ವಿ.ಎ.ಗೆ ಒಂದು ಫೋನ್ ಮಾಡಲಿ. ತಿಥಿಗೆ ಮಕ್ಕಳೆಲ್ಲ ಬಂದಿರುತ್ತಾರೆ, ಹೆಣ್ಣುಮಕ್ಕಳೂ. ತಿಥಿಯ ದಿನವೇ ಕಾಗದ ಹಿಡಿದು ಹೋಗುವುದು ಚೆನ್ನಾಗಿರುವುದಿಲ್ಲ. ಮಾರನೇ ದಿನ ಹೋಗಿ, ಎಲ್ಲರ ಹೆಸರು, ಆಧಾರ್, ಸಹಿ ಒಟ್ಟಿಗೆ ಸಿಗುತ್ತವೆ. ಆರು ತಿಂಗಳು ಬಿಟ್ಟರೆ ಅದೇ ಸಹಿಗಳಿಗೆ ನಾಲ್ಕು ಊರು ಸುತ್ತಬೇಕು.